ಓನರಮ್ಮನ ಎರಡನೇ ರೌಂಡು

೧

ಈ ಕಥೆಯನ್ನು ಯಾವ ಕಡೆಯಿಂದ ಹಿಡಿಯಬೇಕು ಎಂದು ಗೊತ್ತಾಗದೆ ಬೆಳಿಗ್ಗೆಯಿಂದ ಕುಳಿತಿದ್ದೇನೆ. ಲಾಂಡ್ರಿ ಮುಚ್ಚಿದ ದಿನದಿಂದ ಹಿಡಿದರೆ ನೀವು ಮೊದಲ ಪುಟದಲ್ಲೇ ಕಣ್ಣು ಒರೆಸಿಕೊಳ್ಳುತ್ತೀರಿ, ನನಗೂ ಗಂಭೀರ ಕಥೆಗಾರ ಎಂಬ ಹೆಸರು ಬರುತ್ತದೆ. ಇಂಟರ್‌ವ್ಯೂ ದಿನದಿಂದ ಹಿಡಿದರೆ ‘ಯಾರಪ್ಪಾ ಈ ಹೆಂಗಸು, ಯಾಕಿಷ್ಟು ಸಡಗರ’ ಎಂದು ಕೇಳುತ್ತೀರಿ. ಸಾಹಿತ್ಯದಲ್ಲಿ ದುಃಖಕ್ಕೆ ಮರ್ಯಾದೆ ಜಾಸ್ತಿ. ಹಾಗಾಗಿ ದುಃಖದಿಂದಲೇ ಶುರು ಮಾಡಿದೆ:

‘ಕೊನೆಯ ಮೆಷಿನ್ನನ್ನೂ ಲಾರಿಗೆ ಹೇರಿದ ಮೇಲೆ ಖಾಲಿ ಶೆಡ್ಡಿನ ನಡುವೆ ಅವಳೊಬ್ಬಳೇ ನಿಂತಿದ್ದಳು. ಇಷ್ಟು ವರ್ಷ ಗಡಗಡ ಎನ್ನುತ್ತಿದ್ದ ಗೋಡೆಗಳು ಈಗ ಮೌನವಾಗಿದ್ದವು. ಅವಳ ಕಣ್ಣಂಚಿನಲ್ಲಿ...’

“ಧೂಳು ಬಿದ್ದಿತ್ತು,” ಎಂದಳು ಅವಳು. “ಡ್ರಯರ್ ಬಿಚ್ಚಿದಾಗ ಎದ್ದ ಹತ್ತಿ ಧೂಳು. ಲಾರಿಯವನು ಅದನ್ನ ಅಡ್ಡ ಮಲಗಿಸಿ ಹೇರ್ತಿದ್ದ, ನಾನು ಕೂಗಾಡ್ತಿದ್ದೆ. ನಿಂತು ಅಳೋಕೆ ಪುರುಸೊತ್ತು ಎಲ್ಲಿತ್ತು ನಂಗೆ?”

(ನಾಯಕಿಯಾದವಳು ಕಥೆಗಾರನ ವಾಕ್ಯದ ನಡುವೆ ಬಾಯಿ ಹಾಕುವುದು ಸಭ್ಯತೆಯಲ್ಲ ಎಂದು ಹೇಳಿ ನೋಡಿದೆ. ಅವಳು ನನ್ನ ಹಾಳೆಯ ಮೇಲೆ ಬಗ್ಗಿ, “ಮೌನವಾಗಿದ್ದವು ಅಂತ ಬೇರೆ ಬರ್ದಿದ್ದೀರಿ, ಪಕ್ಕದಲ್ಲಿ ವೆಲ್ಡಿಂಗ್ ಶಾಪ್ ಇದೆ ಕಣ್ರೀ” ಎಂದಳು. ಆ ಕರಡನ್ನು ಅಲ್ಲಿಗೇ ಬಿಟ್ಟೆ.)

೨

ಸರಿ, ಯಾರು ಎಂದು ಹೇಳಿಬಿಡುತ್ತೇನೆ. ಆಸ್ಪತ್ರೆಗಳ, ಹೋಟೆಲುಗಳ ಬೆಡ್‌ಶೀಟು, ಟವೆಲ್ಲು ಒಗೆದು ಇಸ್ತ್ರಿ ಮಾಡಿಕೊಡುವ ಒಂದು ಲಾಂಡ್ರಿ ಅವಳದಾಗಿತ್ತು. ಹೆಸರಿಗೆ ಅವಳು ಓನರು. ಬಾಯ್ಲರ್ ಕೆಟ್ಟರೆ ಸ್ಪ್ಯಾನರ್ ಹಿಡಿಯುವವಳೂ ಅವಳೇ, ಟ್ಯಾಕ್ಸಿನವರು ಬಂದರೆ ಫೈಲು ಹಿಡಿಯುವವಳೂ ಅವಳೇ. ಹೊಸ ಹೋಟೆಲಿಗೆ ಹೋಗಿ ಹಲ್ಲು ಕಿರಿಯುವುದು, ಕೆಲಸದವರ ಜಗಳ ಬಿಡಿಸುವುದು, ಮೋರಿ ಕಟ್ಟಿದರೆ ಕೋಲು ಹಾಕುವುದು, ಎಲ್ಲಾ ಅವಳೇ. ಕೆಲಸದವರು ಅವಳನ್ನು ‘ಓನರಮ್ಮ’ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ‘ಮಾಜಿ ಓನರಮ್ಮ’ ಎಂದು ಬರೆಯಹೊರಟಿದ್ದೆ. “ಸೋತ ಮಂತ್ರಿ ಥರ ಕೇಳುತ್ತೆ, ತೆಗೀರಿ” ಎಂದಳು, ತೆಗೆದೆ.

ದೊಡ್ಡ ಆಸ್ಪತ್ರೆಯೊಂದು ತನ್ನದೇ ಲಾಂಡ್ರಿ ಕಟ್ಟಿಕೊಂಡಿತು. ಅದನ್ನು ನೋಡಿ ಎರಡು ಹೋಟೆಲುಗಳೂ ಕಟ್ಟಿಕೊಂಡವು. ಒಗೆಯಲು ಬಟ್ಟೆ ಇಲ್ಲದೆ ಲಾಂಡ್ರಿ ನಡೆಸುವುದು ಹೇಗೆ? ಮರ್ಯಾದೆಯಾಗಿ ಮುಚ್ಚಿದಳು. ಮುಚ್ಚುವ ಮೊದಲು ತನ್ನಲ್ಲಿದ್ದ ಒಬ್ಬೊಬ್ಬರಿಗೂ ಬೇರೆ ಕಡೆ ಕೆಲಸ ಕೊಡಿಸಿದಳು. ಇಸ್ತ್ರಿಯವರಿಗೆ ಕೊಡಿಸಿದಳು, ಪ್ಯಾಕಿಂಗ್‌ನವರಿಗೆ ಕೊಡಿಸಿದಳು, ಯಾರೂ ಇಟ್ಟುಕೊಳ್ಳುವುದಿಲ್ಲ ಎಂದು ಹೆಸರಾಗಿದ್ದ ಮುಂಗೋಪಿ ಡ್ರೈವರ್‌ಗೂ ಶಾಲೆಯೊಂದರಲ್ಲಿ ಬಸ್ಸು ಓಡಿಸುವ ಕೆಲಸ ಕೊಡಿಸಿದಳು. ಎಲ್ಲರದ್ದೂ ಆದ ಮೇಲೆ ತಿರುಗಿ ನೋಡಿದರೆ ಉಳಿದವಳು ತಾನೊಬ್ಬಳೇ.

ಅಂದಿನಿಂದ ಅರ್ಜಿ ಹಾಕುತ್ತಲೇ ಇದ್ದಾಳೆ. ಬರುವ ಉತ್ತರಗಳೆಲ್ಲ ಒಂದೇ ಅಚ್ಚು: ‘ನಿಮ್ಮ ಅನುಭವ ಬಹಳ ದೊಡ್ಡದು. ನಮ್ಮ ಹುದ್ದೆ ನಿಮಗೆ ಚಿಕ್ಕದಾಗುತ್ತದೆ.’ ದೊಡ್ಡ ಹುದ್ದೆಗೆ ಹಾಕಿದರೆ, ‘ನೀವು ಯಾವ ದೊಡ್ಡ ಕಂಪನಿಯಲ್ಲೂ ಕೆಲಸ ಮಾಡಿಲ್ಲವಲ್ಲ’ ಎನ್ನುತ್ತಾರೆ. ಅವಳ ಒಳಗಿನ ಹೆದರಿಕೆ ಇದು, ಮುಚ್ಚಿಡುವುದೇನು: ಇಷ್ಟು ವರ್ಷ ಓನರಾಗಿ ಇದ್ದೂ ಇದ್ದೂ ಇನ್ನೊಬ್ಬರ ಜೊತೆ ಸೇರಿ ದುಡಿಯಲು ಬಾರದವಳಾಗಿಬಿಟ್ಟಿದ್ದೇನೆಯೇ? ತನ್ನನ್ನು ಯಾರೂ ಯಾವತ್ತೂ ಒಳಗೆ ಸೇರಿಸಿಕೊಳ್ಳುವುದೇ ಇಲ್ಲವೇ?

ಈಗ ಒಂದು ಕಡೆಯಿಂದ ಕರೆ ಬಂದಿದೆ. ಒಂದೇ ಒಂದು. ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಆಸ್ಪತ್ರೆಯ ಮಂಚ, ಗಾಲಿಕುರ್ಚಿ, ಹಿಡಿದು ನಡೆಯುವ ವಾಕರ್ ಬಾಡಿಗೆಗೆ ಕೊಡುವ ಕಂಪನಿ. ಅಲ್ಲಿ ಗಿರಾಕಿಗಳ ಜೊತೆ ಮಾತಾಡುವ ಡೆಸ್ಕಿನಲ್ಲಿ ಒಂದು ಜಾಗ ಖಾಲಿ ಇದೆ. ಓನರಮ್ಮನ ಕಾಲು ನೆಲದ ಮೇಲಿಲ್ಲ. ಕನ್ನಡಿ ಮುಂದೆ ನಿಂತು ಇಂಟರ್‌ವ್ಯೂ ಮಾಡುವವರ ಮಾತೂ ತನ್ನ ಮಾತೂ ಎರಡನ್ನೂ ತಾನೇ ಆಡುತ್ತಿದ್ದಾಳೆ.

೨ (ಬಿಟ್ಟುಹೋದದ್ದು)

ಅರ್ಜಿ ತುಂಬಿದ ದಿನದ ವಿಷಯ ಹೇಳುವುದನ್ನೇ ಮರೆತೆ. ಒಳ್ಳೆಯ ಕಥೆಗಾರ ಹಿಂದೆ ಹೋಗಿ ಸರಿಯಾದ ಜಾಗದಲ್ಲಿ ತುರುಕುತ್ತಾನೆ. ನನಗೆ ಸೋಮಾರಿತನ, ಇಲ್ಲೇ ಹೇಳುತ್ತೇನೆ.

ಕಾಲೇಜಿಗೆ ಹೋಗುವ ಮಗಳು ಅಮ್ಮನ ರೆಸ್ಯೂಮೆ ಟೈಪು ಮಾಡಲು ಕುಳಿತಿದ್ದಳು.

“ಅಮ್ಮಾ, ಕೆಲಸದ ಅನುಭವ ಅಂತ ಇದೆ. ಏನು ಹಾಕ್ಲಿ?”

“ಎಲ್ಲಾ ಅಂತ ಹಾಕು.”

“ಎಲ್ಲಾ ಅಂದ್ರೆ ಅವರು ಏನೂ ಇಲ್ಲ ಅಂತ ಓದ್ತಾರೆ. ಒಂದು ಹೇಳು. ನಿಂಗೆ ತುಂಬಾ ಚೆನ್ನಾಗಿ ಬರೋದು ಒಂದು.”

ಓನರಮ್ಮ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಎದ್ದು ಹೋಗಿ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದುದನ್ನು ಬಿಗಿ ಮಾಡಿ ಬಂದಳು. “ತೊಟ್ಟಿಕ್ಕೋದು ಕಿವಿಗೆ ಬಿದ್ರೆ ಸುಮ್ನೆ ಕೂರೋಕಾಗಲ್ಲ ನಂಗೆ. ಅದನ್ನ ಹಾಕೋಕಾಗುತ್ತಾ?”

ಮಗಳು ‘ಸಮಸ್ಯೆಗಳನ್ನು ಪರಿಹರಿಸುವ ಸಾಮರ್ಥ್ಯ’ ಎಂದು ಹಾಕಿದಳು. ಮುಂದಿನ ಪ್ರಶ್ನೆಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಹಿಂದಿನ ಬಾಸ್ ಹೆಸರು, ಅವರ ಫೋನ್ ನಂಬರು. ವಿಚಾರಿಸಲು ಅವರಿಗೆ ಫೋನ್ ಮಾಡುತ್ತಾರಂತೆ. ಬಾಸೇ ಇಲ್ಲದವಳು ಯಾರ ಹೆಸರು ಕೊಡಬೇಕು? ಓನರಮ್ಮ ಸ್ವಲ್ಪ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೂತಿದ್ದು, ಡ್ರೈವರ್‌ನ ಹೆಸರು ಕೊಟ್ಟಳು.

ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಅವಳ ಗಂಡ ಉತ್ತರಪತ್ರಿಕೆಗಳ ರಾಶಿಯಿಂದ ತಲೆ ಎತ್ತಿದರು. “ಡ್ರೈವರ್‌ನ ನಿನ್ನ ಬಾಸ್ ಅಂತ ಹಾಕಿದ್ಯಾ?”

“ದಿನಾ ನಂಗೆ ಬೈತಿದ್ದೋನು ಅವನೊಬ್ನೇ. ಇನ್ಯಾರನ್ನ ಹಾಕ್ಲಿ ಹೇಳಿ.”

ಮೇಷ್ಟ್ರು ಒಂದು ಕ್ಷಣ ಲೆಕ್ಕ ಹಾಕಿ, “ಸರಿಯಾಗೇ ಇದೆ” ಎಂದು ಮತ್ತೆ ತಲೆ ತಗ್ಗಿಸಿದರು.

೩

ಈಗ ಎಡವಟ್ಟಿನ ಭಾಗ. ನನಗೆ ಬಹಳ ಇಷ್ಟವಾದ ಭಾಗ, ಹಾಗಾಗಿ ಇಲ್ಲಿ ನನ್ನ ಬುದ್ಧಿವಂತಿಕೆ ಸ್ವಲ್ಪ ಕಡಿಮೆ ಮಾಡುತ್ತೇನೆ.

ಇಂಟರ್‌ವ್ಯೂಗೆ ಬೇಗನೇ ಹೋಗಿ ಕೂತಳು. ಗೋಡೆಗೆ ಒರಗಿಸಿದ ಮೂರು ಗಾಲಿಕುರ್ಚಿ, ಒಂದು ಗಾಜಿನ ಬಾಗಿಲು, ಮೇಜಿನ ಮೇಲೆ ಫೋನು. ರಿಸೆಪ್ಷನ್ ಹುಡುಗಿ “ಕೂತಿರಿ, ಪ್ರಿಂಟರ್‌ನಲ್ಲಿ ಪೇಪರ್ ಸಿಕ್ಕಾಕೊಂಡಿದೆ” ಎಂದು ಒಳಗೆ ಹೋದಳು. ಅವಳ ಬೆನ್ನು ಮರೆಯಾಗುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

ಓನರಮ್ಮ ಕೈಕಟ್ಟಿ ಕೂತಳು. ಫೋನು ನಿಂತಿತು. ಮತ್ತೆ ಶುರುವಾಯಿತು.

ಅವಳ ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇತ್ತು: ಫೋನು ಎತ್ತಿದವರದ್ದೇ ಆ ಕೆಲಸ. ಎತ್ತಿದವರು ಇಸ್ತ್ರಿಯವರಾಗಲಿ, ಕಸ ಗುಡಿಸುವವರಾಗಲಿ, ಗಿರಾಕಿಗೆ ಮಾತು ಕೊಟ್ಟು ಆ ಮಾತು ನಡೆಸುವವರೆಗೆ ಬಿಡುವ ಹಾಗಿಲ್ಲ. ‘ಇರಿ, ಬೇರೆಯವರಿಗೆ ಕೊಡ್ತೀನಿ’ ಎಂಬ ಮಾತೇ ಅಲ್ಲಿರಲಿಲ್ಲ. ಈ ಕಟ್ಟಳೆ ಮಾಡಿದವಳು ಅವಳೇ. ಅದು ಅವಳ ಕೈಗೆ ಎಷ್ಟು ಒಗ್ಗಿತ್ತೆಂದರೆ ಯೋಚನೆಗಿಂತ ಮೊದಲು ಕೈ ಹೋಗಿತ್ತು.

(ಇಲ್ಲಿ ನಾನು ಪೆನ್ನು ಎತ್ತಿ ಅವಳನ್ನು ಕೇಳಿದೆ, “ಎತ್ತಲೇಬೇಕಿತ್ತಾ?” ಅವಳು ಹೇಳಿದಳು, “ನೀವೂ ಅಲ್ಲೇ ಇದ್ರಲ್ಲ. ನೀವ್ಯಾಕೆ ಎತ್ತಲಿಲ್ಲ?”)

“ಹಲೋ,” ಎಂದಳು. ಆ ಕಡೆ ಒಂದು ಹೆಣ್ಣುದನಿ, ಅತ್ತು ಅತ್ತು ಕಟ್ಟಿದ ಗಂಟಲು.

“ನಿನ್ನೆನೇ ಮಂಚ ಕಳಿಸ್ತೀವಿ ಅಂದಿದ್ರಿ. ನಮ್ಮಮ್ಮನ್ನ ಇವತ್ತು ಸಂಜೆ ಆಸ್ಪತ್ರೆಯಿಂದ ಮನೆಗೆ ಕಳಿಸ್ತಿದ್ದಾರೆ. ಸೊಂಟದ ಮೂಳೆ ಮುರಿದಿದೆ, ತಗ್ಗು ಮಂಚದ ಮೇಲೆ ಮಲಗಿಸ್ಬಾರದು ಅಂತ ಡಾಕ್ಟ್ರು ಹೇಳಿದ್ದಾರೆ. ಏನ್ ಮಾಡ್ಲಿ ನಾನು? ನಿಲ್ಲಿಸಿಕೊಂಡಿರ್ಲಾ ಅವರನ್ನ?”

“ಮೊದಲು ನೀವು ಕೂತ್ಕೊಳ್ಳಿ. ಕೂತ್ರಾ?”

“ಕೂತೆ.”

“ವಿಳಾಸ ಹೇಳಿ. ಹೂಂ. ಹೂಂ, ಬರ್ಕೊಂಡೆ. ಸಂಜೆ ಅಮ್ಮ ಮನೆಗೆ ಬರೋಷ್ಟರಲ್ಲಿ ಮಂಚ ಅಲ್ಲಿರುತ್ತೆ. ಆಯ್ತಾ? ನಾನು ಹೇಳ್ತಿದ್ದೀನಲ್ಲ.”

ಆ ಕಡೆ ಒಂದು ನಿಟ್ಟುಸಿರು ಬಿತ್ತು. “ನೀವ್ಯಾರು, ಮೇಡಂ?”

ಓನರಮ್ಮನಿಗೆ ಆಗ ಅರಿವಾಯಿತು. ಸುತ್ತ ನೋಡಿದಳು. ಅಪರಿಚಿತ ಗಾಲಿಕುರ್ಚಿಗಳು, ಅಪರಿಚಿತ ಗೋಡೆ, ಕೈಯಲ್ಲಿ ಅಪರಿಚಿತ ಕಂಪನಿಯ ಫೋನು. “ನಾನು ಇಲ್ಲಿಯವಳೇ,” ಎಂದಳು. ಹೇಳುವಾಗ ಮೈಯೆಲ್ಲ ಜುಮ್ಮೆಂದಿತಂತೆ. ಭಯಕ್ಕಲ್ಲ, ಆ ಮಾತು ಅಷ್ಟು ಹಿತವಾಗಿತ್ತಂತೆ.

೪

ಒಳಗೆ ಇಬ್ಬರಿದ್ದರು. ಲ್ಯಾಪ್‌ಟಾಪಿನ ಹಿಂದೆ ಎಚ್‌ಆರ್ ಹುಡುಗ. ಅವನ ಪಕ್ಕದಲ್ಲಿ ಕಂಪನಿಯ ಕೆಲಸಕಾರ್ಯವನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರ್ ಮೇಡಂ. ಓನರಮ್ಮನದೇ ವಯಸ್ಸು, ಕನ್ನಡಕ ತಲೆಯ ಮೇಲೆ, ಮುಖದಲ್ಲಿ ನಗು ಇದೆಯೋ ಇಲ್ಲವೋ ಹೇಳಲಾಗದು.

(“ಅವರನ್ನ ‘ಮೇಡಂ’ ಅಂತೀರಿ, ನನ್ನನ್ನ ಮಾತ್ರ ‘ಅವಳು’,” ಎಂದಳು ಓನರಮ್ಮ. ಅವರು ನನಗೆ ಪರಿಚಯ ಇಲ್ಲ, ಅದಕ್ಕೆ ಎಂದೆ. “ಹಾಗಾದ್ರೆ ಸರಿ,” ಎಂದಳು.)

ಎಚ್‌ಆರ್ ಹುಡುಗ ಕೇಳಿದ, “ಐದು ವರ್ಷ ಆದ್ಮೇಲೆ ನೀವು ಎಲ್ಲಿರ್ಬೇಕು ಅನ್ಕೊಂಡಿದ್ದೀರಿ?”

“ನೀವು ಕೂತಿರೋ ಕುರ್ಚೀಲಿ ಅಂತ ಹೇಳ್ಬೇಕಂತೆ, ಮಗಳು ಕಲಿಸಿದ್ದಾಳೆ. ಆದ್ರೆ ಅದರ ಒಂದು ಕಾಲು ಅಲ್ಲಾಡ್ತಿದೆಯಪ್ಪ. ಹುಷಾರು.”

ಹುಡುಗ ಬಗ್ಗಿ ನೋಡಿದ. ಮೇಡಂ ಬಗ್ಗಲಿಲ್ಲ, ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು.

“ಸ್ವಂತ ಕಂಪನಿ ನಡೆಸ್ದೋರು. ಇನ್ನೊಬ್ರ ಮಾತು ಕೇಳ್ತೀರಾ?”

“ಕೇಳ್ತೀನಿ ಮೇಡಂ.”

“ನಿಮ್ಮ ಹಿಂದಿನ ಬಾಸ್‌ಗೆ ಫೋನ್ ಮಾಡಿದ್ದೆ.”

ಮೇಡಂ ಯಾವ ಭಾವವೂ ಇಲ್ಲದೆ ಹೇಳಿದರು. “ಬಸ್ ನಿಲ್ಲಿಸಿ ಮಾತಾಡಿದ್ರು. ‘ಅಕ್ಕ ಚಿನ್ನದಂಥೋರು, ಕಣ್ಣು ಮುಚ್ಕೊಂಡು ತಗೊಳ್ಳಿ’ ಅಂದ್ರು. ಆಮೇಲೆ ಅಂದ್ರು, ‘ಒಂದೇ ಕಷ್ಟ ಮೇಡಂ. ನನ್ನ ಡೆಲಿವರಿಗೆ ಕಳಿಸಿ, ಹಿಂದೇನೇ ಸ್ಕೂಟರ್‌ನಲ್ಲಿ ತಾವೂ ಬರೋರು. ಗಾಡಿ ಕನ್ನಡೀಲಿ ನೋಡಿದ್ರೆ ಅಕ್ಕ.’”

“ಒಂದೆರಡು ಸಲ ಹೋಗಿರ್ಬೋದು.”

“ದಿನಾ ಅಂದ್ರು.”

ಸುಳ್ಳು ಎನ್ನಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಕಿಟಕಿಯ ಬಿಸಿಲು ಮೇಜಿನ ಮೇಲೆ ಸರಿದದ್ದು ಕಣ್ಣಿಗೆ ಬಿತ್ತು. ಎಲ್ಲೋ ಒಂದು ಆಸ್ಪತ್ರೆಯಲ್ಲಿ ಒಬ್ಬ ತಾಯಿಯನ್ನು ಮನೆಗೆ ಹೊರಡಿಸುತ್ತಿರುತ್ತಾರೆ. ಇಲ್ಲಿ ಆ ಮಂಚ ಇವತ್ತು ಸಂಜೆಗೇ ಬೇಕೆಂಬುದು ತನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಹೇಳಿದರೆ ಕೆಲಸ ಹೋಯಿತು. ಹೇಳದಿದ್ದರೆ ಮಂಚ ಹೋಗುವುದಿಲ್ಲ.

“ಮೇಡಂ, ಅದಕ್ಕಿಂತ ದೊಡ್ಡದೊಂದು ಮಾಡ್ಕೊಂಡಿದ್ದೀನಿ. ಹೊರಗೆ ಫೋನ್ ಬಂತು. ಎತ್ತಿದೆ. ನಿಮ್ಮ ಕಂಪನಿ ಹೆಸರಲ್ಲಿ ಮಾತು ಕೊಟ್ಬಿಟ್ಟೆ.”

ಎಲ್ಲವನ್ನೂ ಹೇಳಿದಳು, ವಿಳಾಸ ಸಮೇತ. ಎಚ್‌ಆರ್ ಹುಡುಗ ಟೈಪು ಮಾಡುವುದನ್ನು ನಿಲ್ಲಿಸಿದ.

“ನಮ್ಮಲ್ಲಿ ಮಂಚ ಯಾವಾಗ ಬರುತ್ತೆ ಅಂತ ಗಿರಾಕಿಗೆ ಹೇಳೋದು ಗಾಡಿ ಕಳಿಸೋರು ಮಾತ್ರ,” ಎಂದರು ಮೇಡಂ. “ಬೇರೆ ಯಾರೂ ಹೇಳಲ್ಲ. ನಾನೂ ಹೇಳಲ್ಲ. ಹಿಂದೆ ಎಲ್ಲರೂ ಹೇಳೋರು, ನಿಮ್ಮ ಥರಾನೇ, ಪಾಪ ಅಂತ. ಗಾಡಿ ಸಾಲದೆ ಅರ್ಧಕ್ಕರ್ಧ ಮನೆಗೆ ಮಂಚ ಹೋಗ್ತಿರಲಿಲ್ಲ. ನಿಮ್ಮ ಪಾಪಕ್ಕೆ ಇನ್ನೊಂದು ಮನೇಲಿ ಯಾರೋ ಕಾಯ್ತಾರೆ, ಗೊತ್ತಾಯ್ತಾ?”

ಓನರಮ್ಮನಿಗೆ ಗೊತ್ತಾಯಿತು. ಗೊತ್ತಾದದ್ದು ಮುಖದ ಮೇಲೆ ಕಾಣುತ್ತಿತ್ತು.

೫ (ಇಲ್ಲಿ ಕಥೆ ಕೈಕೊಟ್ಟಿತು)

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ಕೊನೆಗಳು ತಯಾರಿದ್ದವು. ಒಂದು ಬರೆದಾಗಿತ್ತು, ಇನ್ನೊಂದು ಅರ್ಧ ಬರೆದಾಗಿತ್ತು.

ಕೊನೆ, ಒಂದು. ಓನರಮ್ಮ ಧಡಕ್ಕನೆ ಏಳುತ್ತಾಳೆ. ಮೆಟ್ಟಿಲಿಳಿದು ಗೋಡೌನಿಗೆ ಓಡುತ್ತಾಳೆ. ಮಂಚವನ್ನು ತಾನೇ ಹೇರಿ, ವ್ಯಾನನ್ನು ತಾನೇ ಓಡಿಸಿ, ಆ ತಾಯಿಯನ್ನು ತಾನೇ ಮಲಗಿಸಿ, ಬೆವರು ಒರೆಸಿಕೊಳ್ಳುತ್ತ ವಾಪಸು ಬರುವಷ್ಟರಲ್ಲಿ ಇಡೀ ಆಫೀಸು ಎದ್ದು ನಿಂತಿರುತ್ತದೆ. ಬರೆಯುವಾಗ ನನ್ನ ಕಣ್ಣೇ ತುಂಬಿ ಬಂದಿತ್ತು.

“ನಂಗೆ ಬೆನ್ನುನೋವು,” ಎಂದಳು ಓನರಮ್ಮ. “ಅದಿರ್ಲಿ, ಆ ಗೋಡೌನ್‌ನೋರೆಲ್ಲ ಎಲ್ಲಿ ಹೋದ್ರು ನಿಮ್ಮ ಕಥೇಲಿ? ಹೇರೋರು, ಓಡಿಸೋರು ಯಾರೂ ಇಲ್ವಾ? ಎಲ್ಲಾ ನಾನೇ ಮಾಡಿದ್ರೆ ಅವರೆಲ್ಲ ಏನ್ ಮಾಡ್ಬೇಕು?”

ಹೇಳಿದವಳೇ ನಾಲಿಗೆ ಕಚ್ಚಿಕೊಂಡಳು. ಸ್ವಲ್ಪ ಹೊತ್ತು ಇಬ್ಬರೂ ಬೇರೆ ಬೇರೆ ಕಡೆ ನೋಡಿದೆವು.

ಕೊನೆ, ಎರಡು. ಮೇಡಂ ಅವಳನ್ನು ಹೊರಗೆ ಕಳಿಸುತ್ತಾರೆ. ತಲೆ ತಗ್ಗಿಸಿ ಬೀದಿಯಲ್ಲಿ ನಡೆಯುವಾಗ ‘ಬಾಡಿಗೆಗೆ ಇದೆ’ ಎಂಬ ಬೋರ್ಡಿನ ಖಾಲಿ ಮಳಿಗೆ ಕಣ್ಣಿಗೆ ಬೀಳುತ್ತದೆ. ಅವಳು ನಿಲ್ಲುತ್ತಾಳೆ. ಬೋರ್ಡಿನ ಮೇಲಿನ ನಂಬರಿಗೆ ಫೋನು...

“ಬೇಡ್ರೀ. ಕೈ ಮುಗೀತೀನಿ.”

“ಓದುಗರಿಗೆ ಇಷ್ಟವಾಗುತ್ತದೆ,” ಎಂದೆ. “ಬಿದ್ದು ಎದ್ದವಳು ಎಂದು ಚಪ್ಪಾಳೆ ತಟ್ಟುತ್ತಾರೆ.”

“ಚಪ್ಪಾಳೆ ನಿಮಗೆ ಬೇಕಾಗಿರೋದು. ನಂಗೆ ಏನು ಬೇಕು ಅಂತ ಒಂದು ಸಲಾನೂ ಕೇಳಿಲ್ವಲ್ಲ ನೀವು.”

ಕೇಳಿದೆ.

ಓನರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. “ಲಾಂಡ್ರೀಲಿ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡೋರು. ನಾನು ಹೋದ ಕೂಡ್ಲೇ ಮಾತು ನಿಂತುಹೋಗೋದು. ಬೈಕೊಳ್ತಿದ್ದದ್ದು ನನ್ನನ್ನೇ ಅಲ್ವಾ. ತಪ್ಪೇನಿಲ್ಲ, ಓನರ್‌ನ ಬೈಯದೆ ಇನ್ಯಾರನ್ನ ಬೈತಾರೆ. ನಾನು ನನ್ನ ಡಬ್ಬಿ ತಗೊಂಡು ಒಳಗೆ ಕ್ಯಾಬಿನ್‌ಗೆ ಹೋಗ್ತಿದ್ದೆ. ಇಷ್ಟು ವರ್ಷ ಹಾಗೇ ಆಯ್ತು. ನಂಗೆ ಆ ಕಡೆ ಕೂರ್ಬೇಕು ಕಣ್ರೀ. ಯಾರೋ ಕಟ್ಟಿದ ಜಾಗ, ನನ್ನ ಪಾಲಿಂದು ಇಷ್ಟು ಅಂತ ಮಾಡ್ಬೇಕು, ಮಿಕ್ಕಿದ್ದು ಬೇರೆಯೋರು ಮಾಡ್ತಾರೆ ಅಂತ ನಂಬ್ಕೊಂಡು ಮನೆಗೆ ಬರ್ಬೇಕು. ಇದು ಚಿಕ್ಕ ಆಸೆ ಅಂತ ಎಲ್ಲರೂ ವಾಪಸ್ ಕಳಿಸ್ತಿದ್ದಾರೆ.”

ಎರಡನೆಯ ಕೊನೆಯನ್ನೂ ಹರಿದೆ. ಹರಿಯುವಾಗ ನನಗೆ ಹೊಟ್ಟೆ ಉರಿಯಿತು, ಚೆನ್ನಾಗಿ ಬಂದಿತ್ತು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಇದುವರೆಗೆ ಈ ಕಥೆಯಲ್ಲಿ ಎಲ್ಲರ ಬಾಯಿಯ ಮಾತೂ ನಾನೇ ಬರೆಯುತ್ತಿದ್ದೆ. ಅವಳು ಡ್ರೈವರ್‌ನ ಹಿಂದೆ ಹೋದ ಹಾಗೆ, ಸ್ಕೂಟರ್ ಹತ್ತಿ ಅವಳ ಹಿಂದೆ ಹೋಗುತ್ತಿದ್ದವನು ನಾನು. ಹಾಗಾಗಿ ಇಲ್ಲಿಂದ ಮುಂದೆ ಕೈ ಬಿಡುತ್ತೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

೬

ಮೇಡಂ ಮೇಜಿನ ಮೇಲಿನ ಫೋನು ಎತ್ತಿ ಗಾಡಿ ಕಳಿಸುವವರಿಗೆ ವಿಷಯ ಹೇಳಿದರು. ಸ್ಪೀಕರಿನಿಂದ ಒಂದು ಗಂಡುದನಿ ಬಂತು. “ನಿನ್ನೆ ಕೆಟ್ಟು ನಿಂತ ಗಾಡೀಲಿ ಹೋಗ್ಬೇಕಾಗಿದ್ದದ್ದು ಇದೇ ಮಂಚ ಮೇಡಂ. ಇವತ್ತು ಎರಡೇ ಗಾಡಿ. ನೋಡ್ತೀನಿ. ಆಗುತ್ತೆ ಅಂತ ಹೇಳಲ್ಲ, ನೋಡ್ತೀನಿ.”

ಓನರಮ್ಮ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ ಅವಳಿಗೇ ಗೊತ್ತಿಲ್ಲ.

“ಎಲ್ಲಿಗೆ?” ಎಂದರು ಮೇಡಂ.

“ಕೆಳಗೆ. ಹೇರೋಕೆ ಒಂದು ಕೈ...”

“ಕೂತ್ಕೊಳ್ಳಿ.”

ಕೂತಳು. ಇಷ್ಟು ವರ್ಷದಲ್ಲಿ ಅವಳಿಗೆ ‘ಕೂತ್ಕೊಳ್ಳಿ’ ಎಂದು ಯಾರೂ ಹೀಗೆ ಹೇಳಿರಲಿಲ್ಲ. ಮೊದಲು ಕಿವಿ ಬಿಸಿಯಾಯಿತು, ಆಮೇಲೆ ಭುಜಗಳು ಒಂದಿಷ್ಟು ಕೆಳಗಿಳಿದವು.

“ನೀವು ಫೋನಲ್ಲಿ ಆ ಹುಡುಗಿನ ಕೂರಿಸಿದ್ದು ಚೆನ್ನಾಗಿತ್ತು,” ಎಂದರು ಮೇಡಂ. “ಅಷ್ಟು ಮಾಡೋಕೆ ಇಲ್ಲಿ ಯಾರಿಗೂ ಬರಲ್ಲ. ಅಷ್ಟೇ ಮಾಡಿ ನಿಲ್ಲಿಸೋಕೆ ನಿಮಗೆ ಬರುತ್ತಾ ಅಂತ ನಂಗೆ ಗೊತ್ತಾಗ್ಬೇಕು. ಅದಕ್ಕೆ ಎರಡನೇ ರೌಂಡ್ ಇಟ್ಕೊಳ್ಳೋಣ.”

“ಇಟ್ಕೊಳ್ಳೋಣ ಮೇಡಂ. ಈಗಲೇ.”

“ಈಗಲೇ. ಮನೆಗೆ ಹೋಗಿ.”

ಓನರಮ್ಮನಿಗೆ ಅರ್ಥವಾಗಲಿಲ್ಲ.

“ಮಂಚ ಹೋಯ್ತಾ ಇಲ್ವಾ ಅಂತ ನಾವು ನಿಮಗೆ ಹೇಳಲ್ಲ. ನೀವೂ ಕೇಳ್ಬಾರದು. ನಮ್ಮನ್ನೂ ಕೇಳ್ಬಾರದು, ಆ ಮನೆಯೋರನ್ನೂ ಕೇಳ್ಬಾರದು, ಆ ಬೀದೀಲಿ ಸ್ಕೂಟರ್‌ನಲ್ಲಿ ಸುಳೀಬಾರದು. ಇವತ್ತಿನ ಮಟ್ಟಿಗೆ ಆ ಮಂಚ ನಮ್ಮದು. ನಾಳೆ ಬೆಳಿಗ್ಗೆ ಬನ್ನಿ. ಮಂಚದ ವಿಷಯ, ಕೆಲಸದ ವಿಷಯ, ಎರಡೂ ಹೇಳ್ತೀನಿ. ಮಧ್ಯೆ ನಿಮ್ಮಿಂದ ಏನಾದ್ರೂ ಫೋನ್ ಬಂತೋ, ಮಂಚದ ವಿಷಯ ಮಾತ್ರ ಹೇಳ್ತೀನಿ.”

ಎಚ್‌ಆರ್ ಹುಡುಗ ಬಾಗಿಲವರೆಗೆ ಬಂದು ಬೀಳ್ಕೊಟ್ಟ. “ಆಂಟಿ, ಇಷ್ಟು ಕಷ್ಟದ ರೌಂಡ್ ನಾವು ಯಾರಿಗೂ ಕೊಟ್ಟಿಲ್ಲ,” ಎಂದು ಮೆಲ್ಲಗೆ ಹೇಳಿದ.

೭

ಮನೆ. ಮೇಷ್ಟ್ರು, ಮಗಳು, ಓನರಮ್ಮ, ಜೊತೆಗೆ ಕರೆಯದೆ ಬಂದ ನಾನು. ಮೇಜಿನ ನಡುವೆ ಅವಳ ಫೋನು.

ಓನರಮ್ಮ ಕುಕ್ಕರ್ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಕಿಟಕಿಗೆ ಹೋಗಿ ಬಂದಳು. ಮುಖ ಕೆಂಪಾಗಿದೆ, ಕಣ್ಣು ಹೊಳೆಯುತ್ತಿದೆ, ಪರೀಕ್ಷೆ ಬರೆಯುವ ಮಗುವಿನ ಸ್ಥಿತಿ. ಆಫೀಸಿನ ಫೋನಿನ ಪರದೆಯಲ್ಲಿ ಕಂಡ ಆ ಹೆಣ್ಣುಮಗಳ ನಂಬರು ಅವಳಿಗೆ ಬಾಯಿಪಾಠ. ಒಂದು ಸಲ ಕಣ್ಣಿಗೆ ಬಿದ್ದ ನಂಬರು ಅವಳು ಮರೆಯುವವಳಲ್ಲ.

“ನಿನ್ನ ಫೋನ್ ನಾನು ಇಟ್ಕೊಳ್ಲಾ?” ಎಂದರು ಮೇಷ್ಟ್ರು.

“ಬೇಡ ಅಪ್ಪ,” ಎಂದಳು ಮಗಳು. “ಕಿತ್ಕೊಂಡ್ರೆ ಅದು ಅಮ್ಮ ಪಾಸಾದ ಹಾಗಲ್ಲ.”

ಹೊರಗೆ ಬೆಳಕು ಇಳಿಯುತ್ತಿತ್ತು. ಇಷ್ಟು ಹೊತ್ತಿಗೆ ಆ ತಾಯಿ ಮನೆ ತಲುಪಿರಬೇಕು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಂಚ ಬಂತೇ? ಬರದಿದ್ದರೆ ಅವರನ್ನು ಎಲ್ಲಿ ಮಲಗಿಸಿದರು? ಎರಡೇ ಗಾಡಿ ಎಂದಿದ್ದರಲ್ಲ. ಓದುಗರೇ, ನಿಮಗೂ ಹಾಗೇ ಆಗುತ್ತಿದೆ ಎಂದು ನನಗೆ ಗೊತ್ತು. ಆದರೆ ನಾನು ಕಥೆಗಾರ. ನನಗೆ ಫೋನು ಬೇಕಿಲ್ಲ. ಒಂದು ಸಾಲು ಬರೆದರೆ ಮುಗಿಯಿತು, ಮಂಚ ಆ ಮನೆಯಲ್ಲಿರುತ್ತದೆ. ಯಾವ ನಿಯಮವೂ ಮುರಿದ ಹಾಗಾಗುವುದಿಲ್ಲ. ಪೆನ್ನು ಎತ್ತಿದೆ.

“ಏನ್ ಮಾಡ್ತಿದ್ದೀರಿ?” ಓನರಮ್ಮ ಒದ್ದೆ ಕೈಯಲ್ಲೇ ಬಂದು ನಿಂತಳು.

“ಮಂಚ ತಲುಪಿತು ಎಂದು ಬರೆಯುತ್ತಿದ್ದೇನೆ.”

“ಬರೀಬೇಡಿ.”

“ನೀವು ಕೇಳಲಿಲ್ಲ, ಯಾರೂ ನಿಮಗೆ ಹೇಳಲಿಲ್ಲ. ನಾನಾಗಿ ಬರೆಯುತ್ತಿದ್ದೇನೆ. ನಿಮ್ಮ ಮೇಡಂಗೆ ಇದೆಲ್ಲ ಹೇಗೆ ಗೊತ್ತಾಗುತ್ತದೆ?”

“ಅವರಿಗೆ ಗೊತ್ತಾಗಲ್ಲ. ನಂಗೆ ಗೊತ್ತಾಗುತ್ತಲ್ಲ.” ಕುರ್ಚಿ ಎಳೆದು ನನ್ನ ಎದುರಿಗೆ ಕೂತಳು. “ಕೇಳಿ. ಈಗ ಆ ಬೀದೀಲಿ ಯಾರೋ ಗಾಡಿ ಓಡಿಸ್ತಿದ್ದಾರೆ. ಅವರ ಮುಖ ನಾನು ನೋಡಿಲ್ಲ. ಹೆಸರೂ ಗೊತ್ತಿಲ್ಲ. ಮೆಟ್ಟಿಲ ಹತ್ರ ಮಂಚ ಹೇಗೆ ತಿರುಗಿಸ್ಬೇಕು ಅಂತ ಅವರಿಗೆ ಬರುತ್ತೆ. ನೀವು ಬರೆದು ತಲುಪಿಸಿಬಿಟ್ರೆ, ಅವರು ತಲುಪಿಸ್ಲಿಲ್ಲ ಅಂತಾಯ್ತಲ್ಲ.”

“ತಲುಪಿಸದಿದ್ದರೆ?”

ಹೆದರಿಕೆ ಅವಳ ಮುಖಕ್ಕೆ ಬಂದು ಹೋದದ್ದು ಮೂವರಿಗೂ ಕಂಡಿತು. ಮಗಳು ಅಮ್ಮನ ಕೈ ಹಿಡಿದುಕೊಂಡಳು.

“ತಲುಪಿಸದಿದ್ರೆ ಮೇಡಂ ಏನಾದ್ರೂ ಮಾಡಿರ್ತಾರೆ,” ಎಂದಳು ಓನರಮ್ಮ. “ಅವರು ಏನು ಮಾಡಿದ್ರು ಅಂತ ನಾಳೆ ಕೇಳ್ತೀನಿ. ಪೆನ್ನು ಇಡಿ.”

ಇಟ್ಟೆ. ಇಡುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಲಾರೆ. ಹಾಳೆಯ ಮೇಲೆ ‘ಮಂಚ’ ಎಂದಷ್ಟೇ ಬರೆದಾಗಿತ್ತು, ಅದು ಹಾಗೇ ಇದೆ.

ಈಗ ನಾವು ನಾಲ್ವರೂ ಸುಮ್ಮನೆ ಕೂತಿದ್ದೇವೆ. ಓನರಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಾಳೆ, ನಡುನಡುವೆ ತನ್ನಷ್ಟಕ್ಕೆ ನಗುತ್ತಿದ್ದಾಳೆ. ಅವಳಿಗೆ ಕೆಲಸ ಸಿಕ್ಕಿತೇ ಎಂದು ನನ್ನನ್ನು ಕೇಳಬೇಡಿ. ನಿಮ್ಮಲ್ಲಿ ಯಾರಾದರೂ ಆ ಬೀದಿಯ ಕಡೆಯವರಿದ್ದು, ಮನೆಯೊಂದರ ಮುಂದೆ ವ್ಯಾನು ನಿಂತದ್ದನ್ನೋ ನಿಲ್ಲದಿದ್ದದ್ದನ್ನೋ ನೋಡಿದ್ದರೆ, ದಯವಿಟ್ಟು ಇಲ್ಲಿಗೆ ಬಂದು ಹೇಳಬೇಡಿ.

“ಆಯ್ತು, ಏಳಿ,” ಎನ್ನುತ್ತಿದ್ದಾಳೆ ಓನರಮ್ಮ, “ನಾಳೆ ಉಟ್ಕೊಂಡು ಹೋಗೋಕೆ ಯಾವ ಸೀರೆ ಅಂತ ನೀವೆಲ್ಲ ಸೇರಿ ಹೇಳಿ. ನಾನು ಬಾಯಿ ಹಾಕಲ್ಲ.”